ಯಾವ ಗದ್ದೆಪ್ಪ?

ಡಾಕ್ಟರ್ ಗಾದಿಲಿಂಗ ಅವರು ಪ್ರತಿ ಡಿಸೆಂಬರಿನಲ್ಲಿ ಹೃದಯ ತಜ್ಞರ ದೊಡ್ಡ ಸಮ್ಮೇಳನಕ್ಕೆ ಹೋಗುತ್ತಾರೆ. ಹೋಗುವ ಮುನ್ನ ನನಗೊಂದು ಫೋನ್ ಮಾಡಿ, ನಾನು ಬರುವವರೆಗೆ ಯಾರನ್ನೂ ಸಾಯಲು ಬಿಡಬೇಡ ಎಂದು ತಮಾಷೆ ಮಾಡುತ್ತಾರೆ. ನನಗೆ ಆ ತಮಾಷೆ ಎಂದೂ ಹಿಡಿಸಿಲ್ಲ.

ಈ ವರ್ಷ ಅವರು ಚೆನ್ನೈಗೆ ಬರೀ ಕೇಳಲು ಹೋಗಿರಲಿಲ್ಲ, ವೇದಿಕೆ ಹತ್ತಿ ಮಾತಾಡಲು ಹೋಗಿದ್ದರು. ಮಾತಾಡುವ ವಿಷಯ ನಾವೇ. ಅವರಿರುವುದು ಸಿಂಧನೂರಿನಲ್ಲಿ. ನಾನು ಮಸ್ಕಿಯ ಕ್ಲಿನಿಕ್ಕಿನಲ್ಲಿ ಇಸಿಜಿ ತೆಗೆದು ಫೋಟೊ ಕಳಿಸುತ್ತೇನೆ, ಅವರು ಐದು ನಿಮಿಷದಲ್ಲಿ ನೋಡಿ ಮನೆಗೆ ಕಳಿಸಬೇಕೋ ರಾಯಚೂರಿನ ಆಸ್ಪತ್ರೆಗೋ ಎಂದು ಹೇಳುತ್ತಾರೆ. ಎರಡು ವರ್ಷದಲ್ಲಿ ನಾಲ್ಕುನೂರ ಹನ್ನೆರಡು ಜನರನ್ನು ಹೀಗೆ ನೋಡಿದ್ದೆವು. ತಪ್ಪಾದದ್ದು ಸೊನ್ನೆ. ಆ ಸೊನ್ನೆಯ ಕೆಳಗೆ 'ಜಯಶ್ರೀ, ಇಸಿಜಿ ಟೆಕ್ನೀಶಿಯನ್' ಎಂದು ನನ್ನ ಹೆಸರು ಹಾಕಿದ್ದ ಸ್ಲೈಡನ್ನು ನನಗೂ ಕಳಿಸಿದ್ದರು. ನಾನದನ್ನು ಮುದಗಲ್ಲಿನ ತವರಿಗೆ, ಲಿಂಗಸುಗೂರಿನ ನಾದಿನಿಗೆ, ಕಂಡಕಂಡವರಿಗೆಲ್ಲ ಕಳಿಸಿ ಮೆರೆದೆ. ಮೆರೆದದ್ದು ಬುಧವಾರ. ಗುರುವಾರವೇ ಆ ಜಂಬ ಇಳಿಯಿತು.

ಗುರುವಾರ ಹನ್ನೊಂದೂವರೆಗೆ ಪಾಮನಕಲ್ಲೂರಿನ ಬಸ್ಸಿಳಿದು ಇಬ್ಬರು ಬಂದರು. ಇಬ್ಬರಿಗೂ ಎದೆನೋವು, ಇಬ್ಬರ ಹೆಸರೂ ಗದ್ದೆಪ್ಪ. ಗದ್ದೆಮ್ಮ ದೇವಿಗೆ ಹರಕೆ ಹೊತ್ತು ಹೆತ್ತ ಗಂಡುಮಕ್ಕಳಿಗೆಲ್ಲ ಅದೇ ಹೆಸರು. ವಯಸ್ಸು ಕೇಳಿದರೆ ಒಬ್ಬ ಐವತ್ತೈದು ಬರೆದುಕೋ ಎಂದ, ಇನ್ನೊಬ್ಬ ನನ್ನದೂ ಅಷ್ಟೇ ಬರೆ ಎಂದ. ಹಾಗೇ ಬರೆದೆ. ತಂದೆಯ ಹೆಸರು ಕೇಳಬೇಕಿತ್ತು. ಹೊರಗೆ ಹದಿನಾಲ್ಕು ಜನ ಕಾಯುತ್ತಿದ್ದರು, ಕೇಳಲಿಲ್ಲ.

ಒಬ್ಬ ಗದ್ದೆಪ್ಪ ಇಡೀ ಕ್ಲಿನಿಕ್ಕಿಗೆ ಕೇಳುವಂತೆ ನರಳುತ್ತಿದ್ದ. ಇನ್ನೊಬ್ಬ ಗೋಡೆ ನೋಡುತ್ತ ಸುಮ್ಮನೆ ಕೂತಿದ್ದ, ಹಣೆ ಮಾತ್ರ ಒದ್ದೆಯಾಗಿತ್ತು. ಎರಡೂ ಇಸಿಜಿಗಳ ಫೋಟೊ ಒಟ್ಟಿಗೇ ಚೆನ್ನೈಗೆ ಕಳಿಸಿದೆ. ಡಾಕ್ಟರು ಒಂದಕ್ಕೆ ನಾರ್ಮಲ್ ಎಂದರು. ಇನ್ನೊಂದಕ್ಕೆ, ಹಾರ್ಟ್ ಅಟ್ಯಾಕ್, ಈಗಲೇ ರಾಯಚೂರಿಗೆ ಎಂದರು. ನನ್ನ ಕೈಯಲ್ಲಿದ್ದ ಎರಡೂ ಕಾಗದಗಳ ಮೇಲೆ ಒಂದೇ ಹೆಸರು, ಒಂದೇ ವಯಸ್ಸು, ಒಂದೇ ಊರು. ಯಾವುದು ಯಾರದು ಎಂದು ನಾನು ಒಂದು ಕ್ಷಣವೂ ನಿಂತು ಯೋಚಿಸಲಿಲ್ಲ. ಅಳುವ ಕೂಸಿಗೇ ಹಾಲು ಅಲ್ಲವೇ? ನನ್ನ ಮಾತಿನ ಮೇಲೆ ನಮ್ಮ ಕ್ಲಿನಿಕ್ಕಿನ ಡ್ಯೂಟಿ ಡಾಕ್ಟರು ರಾಯಚೂರಿಗೆ ಚೀಟಿ ಬರೆದರು. ನರಳುವವನನ್ನು ಆಂಬುಲೆನ್ಸ್ ಹತ್ತಿಸಿದೆವು. ಸುಮ್ಮನಿದ್ದವನಿಗೆ, ಬರೀ ಗ್ಯಾಸು, ಮನೆಗೆ ಹೋಗು ಎಂದೆ. ಅವನು ಕೈಮುಗಿದು ಹೋದ.

ಎರಡು ಗಂಟೆಗೆ ರಾಯಚೂರಿನ ಆಸ್ಪತ್ರೆಯಿಂದ ಫೋನ್ ಬಂತು. ನೀವು ಕಳಿಸಿದವರ ಹೃದಯ ಗಟ್ಟಿಮುಟ್ಟಾಗಿದೆ, ಜೊತೆಗೆ ಕಳಿಸಿದ ಇಸಿಜಿ ಇವರದಲ್ಲ ಎಂದರು.

ನಾಚಿಕೆ ಬಿಟ್ಟು ಹೇಳುತ್ತೇನೆ: ನನಗೆ ಮೊದಲು ನೆನಪಾದದ್ದು ಆ ಮನುಷ್ಯನಲ್ಲ, ಸೊನ್ನೆ. ಆಮೇಲೆ ಅವನು ಕೈಮುಗಿದದ್ದು ನೆನಪಾಯಿತು.

ಗಾದಿಲಿಂಗ ಡಾಕ್ಟರ ಫೋನ್ ಸ್ವಿಚಾಫ್ ಆಗಿತ್ತು. ರಿಜಿಸ್ಟರಿನಲ್ಲಿ ಗದ್ದೆಪ್ಪನ ಫೋನ್ ನಂಬರಿನ ಜಾಗದಲ್ಲಿ 'ಇಲ್ಲ' ಎಂದು ನಾನೇ ಬರೆದಿದ್ದೆ. ಪಾಮನಕಲ್ಲೂರಿನ ಆಶಾ ಕಾರ್ಯಕರ್ತೆ ಆದಮ್ಮನಿಗೆ ಫೋನ್ ಹಚ್ಚಿ, ಗದ್ದೆಪ್ಪನನ್ನು ಹುಡುಕಿ ಮಲಗಿಸು, ಒಂದು ಹೆಜ್ಜೆಯೂ ನಡೆಯಬಾರದು ಎಂದೆ.

"ಯಾವ ಗದ್ದೆಪ್ಪರೀ ಅಕ್ಕಾರ? ನಮ್ಮೂರಾಗ ಹನ್ನೊಂದು ಮಂದಿ ಗದ್ದೆಪ್ಪ ಅದಾರ" ಎಂದಳು ಆದಮ್ಮ.

ಹೇಗಿದ್ದ ಎಂದು ಕೇಳಿದಳು. ಕಪ್ಪಗೋ ಕೆಂಪಗೋ, ಮೀಸೆ ಇತ್ತೋ ಇಲ್ಲವೋ, ಒಂದೂ ಗೊತ್ತಿಲ್ಲ. ದಿನಕ್ಕೆ ಮೂವತ್ತು ಎದೆ ನೋಡುವವಳು ನಾನು, ಮುಖ ನೋಡುವುದಿಲ್ಲ. ಕಣ್ಣು ಮುಚ್ಚಿ ಆ ಎದೆಯನ್ನೇ ನೆನೆದೆ. ಎಡಗಡೆ ಇಸಿಜಿ ತಂತಿಯ ರಬ್ಬರ್ ಬುಗ್ಗೆ ಕೂರದೆ ಜಾರಿ ಜಾರಿ ಬೀಳುತ್ತಿತ್ತು, ಒತ್ತಿ ಹಿಡಿಯಬೇಕಾಯಿತು. ಯಾಕೆಂದರೆ ಅಲ್ಲಿ ಚರ್ಮ ಸುಟ್ಟು ಗಂಟಾಗಿತ್ತು.

"ಎಡಗಡಿ ಎದಿ ಮ್ಯಾಲೆ ಮೂರು ಬರೆ ಅದಾವ ಆದಮ್ಮ" ಎಂದೆ.

ಗಂಡಸರ ಎದೆಯನ್ನು ನಾನೆಲ್ಲಿ ನೋಡಲಿ ಎಂದು ಗೊಣಗುತ್ತ ಅವಳು ಫೋನ್ ಕಿವಿಯಲ್ಲಿಟ್ಟುಕೊಂಡೇ ಓಣಿ ಓಣಿ ಕೂಗಿದಳು. ಆಗ ಒಂದು ಮುದಿ ದನಿ ಹತ್ತಿರ ಬಂತು.

"ಮೂರು ಬರೆ? ಅದು ನನ್ನ ಮಗನ. ಕೂಸಿದ್ದಾಗ ಉಸಿರು ಹಿಡಿದಿತ್ತು, ನಾನ ಕಾಸಿ ಹಾಕೀನಿ."

ತಿಮ್ಮವ್ವ ಎಂಬ ಆ ಮುದುಕಿಯ ಮಗ ಮನೆಯಲ್ಲಿರಲಿಲ್ಲ. ದವಾಖಾನೆಯವರು ಏನೂ ಇಲ್ಲ ಅಂದರೆಂದು ಉಂಡು ಹತ್ತಿ ಬಿಡಿಸಲು ಹೊಲಕ್ಕೆ ಹೋಗಿದ್ದ.

ರಾಯಚೂರಿನಿಂದ ಖಾಲಿ ಬರುತ್ತಿದ್ದ ಆಂಬುಲೆನ್ಸನ್ನು ಡ್ಯೂಟಿ ಡಾಕ್ಟರು ಪಾಮನಕಲ್ಲೂರಿಗೆ ತಿರುಗಿಸಿದರು. ರಕ್ತ ಹೆಪ್ಪುಗಟ್ಟದಂತೆ ಜಗಿಸಬೇಕಾದ ಗುಳಿಗೆಗಳನ್ನು ನನ್ನ ಕೈಗಿಟ್ಟರು. ಕಾಂಪೌಂಡರ್ ವೀರೇಶನ ಬೈಕಿನ ಹಿಂದೆ ಕೂತೆ. ಕಂಡ ದೇವರಿಗೆಲ್ಲ ಬೇಡಿಕೊಂಡೆ, ಗದ್ದೆಮ್ಮನನ್ನು ಬೈದೂ ಬಿಟ್ಟೆ.

ಗದ್ದೆಪ್ಪ ಬದುವಿನ ಬೇವಿನ ಮರಕ್ಕೆ ಒರಗಿ ಕೂತಿದ್ದ. ಪಕ್ಕದಲ್ಲಿ ಹತ್ತಿಯ ಗಂಟಿತ್ತು. ಹೊರಲು ಹೋಗಿ ಕೈಲಾಗದೆ ಬಿಟ್ಟಿದ್ದ. ಅಂಗಿ ತೊಯ್ದು ತೊಪ್ಪೆಯಾಗಿತ್ತು. ಮೊದಲ ಸಲ ಅವನ ಮುಖ ನೋಡಿದೆ. ಬಿಳಿ ಮೀಸೆ, ಕಿವಿಯಲ್ಲಿ ಒಂಟಿ. ಗುಳಿಗೆ ಜಗಿಸಿದೆ. ನನ್ನನ್ನು ಕಂಡು ಅವನು ನಗಲು ನೋಡಿದ. ಅಷ್ಟು ದೂರದಿಂದ ಬಡವನನ್ನು ಹುಡುಕಿಕೊಂಡು ಬಂದಳಲ್ಲ ಎಂದು, ಹೊಲ ತೋರಿಸಲು ಬಂದಿದ್ದ ತಿಮ್ಮವ್ವ ನನ್ನ ಗಲ್ಲ ಸವರಿ ಲಟಿಗೆ ಮುರಿದಳು. ಆ ಸದ್ದು ನನಗೆ ಚಾಟಿಯಂತೆ ಬಿತ್ತು.

ಆಂಬುಲೆನ್ಸಿನಲ್ಲಿ ಅವನ ನಾಡಿ ನನ್ನ ಬೆರಳಡಿ ಒಮ್ಮೆ ಸಿಗುತ್ತಿತ್ತು, ಒಮ್ಮೆ ತಪ್ಪುತ್ತಿತ್ತು. ನಾಲ್ಕು ದಾಟಿತ್ತು. ಗಾದಿಲಿಂಗ ಡಾಕ್ಟರು ವೇದಿಕೆ ಇಳಿದಿದ್ದರೆ ಕೇಳೋಣವೆಂದು ಅವರು ಕಳಿಸಿದ್ದ ಸಮ್ಮೇಳನದ ನೇರಪ್ರಸಾರದ ಲಿಂಕ್ ಒತ್ತಿದೆ. ಇನ್ನೂ ಮಾತಾಡುತ್ತಿದ್ದರು. ಹಿಂದಿನ ಪರದೆಯ ಮೇಲೆ ಆಳೆತ್ತರದ ಸೊನ್ನೆ. ಇಂಗ್ಲಿಷಿನ ನಡುವೆ 'ಜಯಶ್ರೀ' ಎಂದರು. ಸಭೆ ಚಪ್ಪಾಳೆ ತಟ್ಟಿತು.

"ಯವ್ವಾ, ಅದು ನಿನ್ನ ಹೆಸರಲ್ಲ? ನಿನಗ ಹೊಡ್ಯಾಕತ್ತಾರ ಚಪ್ಪಾಳಿ?" ಎಂದ ಗದ್ದೆಪ್ಪ. ಅವನ ಮುಖದಲ್ಲಿ ಅಂಥ ನೋವಿನಲ್ಲೂ ಖುಷಿಯಿತ್ತು.

ಫೋನ್ ಆರಿಸಿದೆ. ಇನ್ನು ತಡೆಯಲಾಗಲಿಲ್ಲ.

"ಕಾಕಾ, ನಿನ್ನ ಕಾಗದಾನೂ ಆ ಇನ್ನೊಬ್ಬಾವಂದೂ ನಾನ ಅದಲು ಬದಲು ಮಾಡೀನಿ. ಮುಂಜಾನೆನ ನಿನ್ನ ಈ ಗಾಡ್ಯಾಗ ಕಳಸಬೇಕಿತ್ತು. ತಪ್ಪು ನಂದು."

ತಿಮ್ಮವ್ವ ನನ್ನ ಕಡೆ ತಿರುಗಲಿಲ್ಲ.

"ಹಂಗಾರ ಅವಗ ಏನಿಲ್ಲ?" ಎಂದ ಗದ್ದೆಪ್ಪ.

"ಏನಿಲ್ಲ. ಬಸ್ಸಿಗೆ ಹೊಂಟಾನ."

"ಛಲೋ ಆತು. ಮಗಳ ಮದಿವಿ ಇಟಗೊಂಡಾನ ಅವ."

ರಾಯಚೂರಿನಲ್ಲಿ ಅವನನ್ನು ಒಳಗೆ ತಳ್ಳಿಕೊಂಡು ಹೋಗಿ ಬಾಗಿಲು ಹಾಕಿದರು. ನಾನು ಬೆಂಚಿನ ಈ ತುದಿಗೆ, ತಿಮ್ಮವ್ವ ಆ ತುದಿಗೆ. ಬದುಕಿದರೆ ಆಮೇಲೆ ಡಾಕ್ಟರಿಗೆ ಹೇಳೋಣ ಎಂದಿತು ಮನಸ್ಸು. ಬದುಕಿದ ಮೇಲೆ, ಇನ್ನು ಯಾಕೆ ಹೇಳಬೇಕು ಎನ್ನುವುದೂ ಅದೇ ಮನಸ್ಸೇ. ನನಗೆ ಅದರ ಗುಣ ಗೊತ್ತು. ಒಳಗಿನ ಸುದ್ದಿ ಬರುವ ಮೊದಲೇ ಬರೆದು ಕಳಿಸಿದೆ: ಸರ್, ಸೊನ್ನೆ ಅಲ್ಲ, ಒಂದು. ತಿಮ್ಮವ್ವನ ಮಗ ಗದ್ದೆಪ್ಪ.

ಆರು ಗಂಟೆಗೆ ನರ್ಸ್ ಹೊರಬಂದು, ಗದ್ದೆಪ್ಪನ ಕಡೆಯವರು ಯಾರು ಎಂದು ಕೂಗಿದಳು. ತಿಮ್ಮವ್ವನಿಗೆ ಏಳಲಾಗಲಿಲ್ಲ. ನಾನೇ ಎದ್ದೆ.

"ಯಾವ ಗದ್ದೆಪ್ಪರೀ?" ಎಂದೆ.

"ಎದಿ ಮ್ಯಾಲೆ ಬರೆ ಅದಾವಲ್ಲ, ಅವರು. ಎಚ್ಚರ ಅದಾರ. ಹತ್ತಿ ಗಂಟು ಯಾರು ತಂದ್ರು ಅಂತ ಕೇಳಾಕತ್ತಾರ."