ನುಚ್ಚು ಹಾಕುವ ಕೈ

ನನಗೆ ಅಳತೆಯ ಹುಚ್ಚು ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಕಂಡವರ ಬಾಯಿಗೆಲ್ಲ ಬೀಗ ಹಾಕುತ್ತ ಕೂರಲು ನನಗೆ ಪುರುಸೊತ್ತಿಲ್ಲ. ಹಿಟ್ಟಿನ ಗಿರಣಿಯಲ್ಲಿ ಜರಡಿ ಹಿಡಿದ ಮೇಲೆ ಉಳಿಯುವ ಗೋಧಿ ನುಚ್ಚನ್ನು ನನ್ನ ಹಸುಗಳಿಗೆ ಹಾಕಲು ಶುರು ಮಾಡಿದಾಗ, ದನದ ಡಾಕ್ಟರಮ್ಮ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದವಳು ನಾನು. ಮೊದಲ ವಾರ ಒಂದೊಂದು ಹಸುವಿಗೂ ದಿನಕ್ಕೆ ಅರ್ಧ ಬೋಗುಣಿ, ಎರಡನೆಯ ವಾರ ಒಂದು, ಮೂರನೆಯ ವಾರದಿಂದ ಎರಡು, ಬೆಳಿಗ್ಗೆಗೊಂದು ಸಂಜೆಗೊಂದು. ಮೊದಲು ಒಣಹುಲ್ಲು, ಅದು ಮುಗಿದ ಮೇಲೆಯೇ ನುಚ್ಚು. ಬೋಗುಣಿಯ ಮೇಲೆ ಗೋಪುರ ಏಳದಂತೆ ಅಂಗೈಯಿಂದ ಸವರಿ ಹಾಕುತ್ತಿದ್ದೆ.

ನನ್ನ ಆರು ಹಸುಗಳಲ್ಲಿ ಐದಕ್ಕೆ ಏನೂ ಆಗಲಿಲ್ಲ. ಹಾಲು ಹೆಚ್ಚಿತು, ಮೈ ಮಿರಿಮಿರಿ ಎಂದಿತು. ಅಡ್ಡ ಬಿದ್ದದ್ದು ಮುಂಗೋಪಿ ಒಂದೇ.

ಮುಂಗೋಪಿ ಎಂದು ಹೆಸರಿಟ್ಟವಳು ನನ್ನ ತಂಗಿ. ಹುಟ್ಟಿದ ಮೂರನೆಯ ದಿನಕ್ಕೇ ತಾಯಿಯನ್ನು ಕಳೆದುಕೊಂಡ ಕರು ಅದು. ತಂಗಿ ಹಾಲಿನಲ್ಲಿ ಬೆರಳದ್ದಿ ಚೀಪಿಸಿ ಬದುಕಿಸಿದಳು. ಅಪ್ಪ ತೀರಿಕೊಂಡ ಮೇಲೆ ಹನ್ನೆರಡು ಹಸುಗಳನ್ನು ನಾವಿಬ್ಬರೂ ಚೀಟಿ ಎತ್ತಿ ಹಂಚಿಕೊಂಡೆವು. ಮುಂಗೋಪಿ ನನ್ನ ಪಾಲಿಗೆ ಬಂತು. “ಅದೊಂದನ್ನ ನಂಗೆ ಬಿಟ್ಕೊಡಕ್ಕ, ಬದ್ಲಿಗೆ ನನ್ನವುಗಳಲ್ಲಿ ಯಾವ್ದಾದ್ರೂ ಎರಡು ತಗೋ,” ಎಂದಳು. ಚೀಟಿ ಅಂದರೆ ಚೀಟಿ, ಎಂದೆ. ಕೊಡಬಹುದಿತ್ತು. ಆದರೆ ಚಿಕ್ಕವಳಿದ್ದಾಗಿನಿಂದ ಅವಳು ಕೇಳಿದ್ದನ್ನೆಲ್ಲ ಅಪ್ಪ ಕೊಟ್ಟು ಕೊಟ್ಟು, ನನಗೂ ಹೊಟ್ಟೆಯಲ್ಲಿ ಒಂದಿಷ್ಟು ಕಿಚ್ಚು ಉಳಿದಿತ್ತು. ಮರುದಿನವೇ ಅವಳು ಬಡಗಿಯನ್ನು ಕರೆಸಿ ಕೊಟ್ಟಿಗೆಯ ನಡುವೆ ಎದೆಮಟ್ಟದ ಹಲಗೆ ಹೊಡೆಸಿದಳು. ಆಚೆ ಅವಳ ಆರು, ಈಚೆ ನನ್ನ ಆರು. ಹದಿನಾಲ್ಕು ತಿಂಗಳು ಮಾತಿಲ್ಲ, ಕತೆಯಿಲ್ಲ.

ಅವತ್ತು ಬೆಳಿಗ್ಗೆ ಹಾಲು ಕರೆಯಲು ಹೋದರೆ ಮುಂಗೋಪಿ ಮಲಗಿದಲ್ಲೇ ಹಲ್ಲು ಕಡಿಯುತ್ತಿತ್ತು. ಎಬ್ಬಿಸಿದರೆ ಹಿಂಗಾಲು ತಡವರಿಸಿ ಮತ್ತೆ ಕುಸಿಯಿತು. ಸಗಣಿ ನೀರಾಗಿ ಹೋಗಿತ್ತು, ಹುಳಿ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಹತ್ತಿರ ಹೋದರೆ ತಲೆಯಲ್ಲಿ ಗುದ್ದದೆ ಬಿಡದ ಹಸು, ಕಿವಿ ಹಿಡಿದೆಳೆದರೂ ಸುಮ್ಮನಿತ್ತು. ಕಾಲು ಗಂಟೆ ಎದುರಿಗೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ಒಂದು ಸಲವೂ ಮೆಲುಕು ಹಾಕಲಿಲ್ಲ. ಡಾಕ್ಟರಮ್ಮನಿಗೆ ಫೋನ್ ಮಾಡಿದೆ.

ಡಾಕ್ಟರಮ್ಮ ಎಂಟು ಗಂಟೆಗೆ ಬಂದರು. ವಯಸ್ಸಿನಲ್ಲಿ ನನ್ನ ಮಗಳಂತಿದ್ದಾರೆ, ಮುಲಾಜು ಎಂಬುದು ಮಾತ್ರ ಗೊತ್ತಿಲ್ಲ. ಹಸುವಿನ ಎಡಪಕ್ಕೆ ಅಲ್ಲಾಡಿಸಿದರೆ ಒಳಗೆ ನೀರು ಕುಲುಕಿದ ಸದ್ದು ಬಂತು. ಬಾಯಿಂದ ಕೊಳವೆ ಇಳಿಸಿ ಹೊಟ್ಟೆಯ ನೀರನ್ನು ಒಂದು ಲೋಟದಷ್ಟು ತೆಗೆದರು. ಬೂದಿ ಬಣ್ಣ. ಅದರಲ್ಲಿ ಒಂದು ಕಾಗದದ ಪಟ್ಟಿ ಅದ್ದಿ, ಬಣ್ಣ ನೋಡಿ, ಮುಖ ಸಿಂಡರಿಸಿದರು.

“ಪೂರ್ತಿ ಹುಳಿ ಬಂದ್ಬಿಟ್ಟಿದೆ. ನೋಡಿಮ್ಮ, ಹುಲ್ಲು ಅರಗಿಸೋದು ಹಸು ಅಲ್ಲ, ಅದರ ಹೊಟ್ಟೇಲಿರೋ ಬ್ಯಾಕ್ಟೀರಿಯಾಗಳು. ಹುಲ್ಲಿನವು ಬೇರೆ, ಕಾಳಿನವು ಬೇರೆ. ಒಂದೇ ಸಲ ನುಚ್ಚು ಜಾಸ್ತಿ ಬಿದ್ರೆ ಕಾಳಿನವು ಹದ್ದು ಮೀರಿ ಬೆಳೀತವೆ, ಹೊಟ್ಟೆಯೆಲ್ಲಾ ಆಮ್ಲ ಆಗುತ್ತೆ, ಹುಲ್ಲಿನವು ಸತ್ತು ಹೋಗ್ತವೆ. ಎಷ್ಟು ಹಾಕಿದ್ರಿ?”

“ಎರಡು ಬೋಗುಣಿ. ನೀವು ಹೇಳಿದಷ್ಟೇ.”

“ಎರಡಕ್ಕೆ ಹೀಗಾಗಲ್ಲ.”

“ಆಗಿದೆಯಲ್ಲ, ಕಣ್ಮುಂದೇನೇ ಇದೆ.”

“ಮರೆಮಾಚಬೇಡಿ,” ಎಂದರು. “ಎರಡೇ ಆಗಿದ್ರೆ ಸೋಡಾಪುಡಿ ಕುಡಿಸಿ, ಬೇರೆ ಹಸುವಿನ ಹೊಟ್ಟೆ ನೀರು ತೆಗೆದು ಇದಕ್ಕೆ ಹಾಕಿದ್ರೆ ಸಾಕು, ಹೊಸ ಬ್ಯಾಕ್ಟೀರಿಯಾ ಬಂದು ಸೇರ್ಕೊಳ್ತವೆ. ಜಾಸ್ತಿ ತಿಂದಿದ್ರೆ ಮೊದ್ಲು ಒಳಗಿರೋದನ್ನೆಲ್ಲ ತೊಳೆದು ತೆಗೀಬೇಕು. ಇಲ್ಲಾಂದ್ರೆ ಬಂದವೂ ಆ ಹುಳೀಲೇ ಸಾಯ್ತವೆ. ಹಾಗಂತ ಸುಮ್ಸುಮ್ನೆ ತೊಳೆಯೋಕೂ ಆಗಲ್ಲ. ಇಷ್ಟು ಸುಸ್ತಾಗಿರೋ ಹಸು, ತೊಳೆಯೋವಾಗ್ಲೇ ಪ್ರಾಣ ಬಿಟ್ರೂ ಬಿಡಬಹುದು.”

ನನಗೆ ಮೈಯೆಲ್ಲ ಉರಿದುಹೋಯಿತು. “ನಾನು ಸುಳ್ಳು ಹೇಳ್ತಿದೀನಾ? ಬೇರೆ ಐದು ಹಸು ನಿಂತಿವೆ, ಅವನ್ನೇ ಕೇಳಿ. ಇವತ್ತಿನವರೆಗೆ ಒಂದು ಹಿಡಿ ಆಚೆ ಈಚೆ ಮಾಡಿದವಳಲ್ಲ ನಾನು. ಸೋಡಾನೇ ಕುಡಿಸಿ, ತೊಳೆಯೋದೇನೂ ಬೇಡ.”

“ನಿಮ್ಮ ಹಸು, ನಿಮ್ಮ ಮಾತು,” ಎಂದು ಅವರು ಚೀಲದಿಂದ ಸೋಡಾಪುಡಿಯ ಪೊಟ್ಟಣ ತೆಗೆದರು. ನಾನು ಬಕೆಟ್ಟಿಗೆ ನೀರು ಸುರಿದೆ. ಪೊಟ್ಟಣದ ಬಾಯಿ ಹರಿದಾಗಿತ್ತು.

“ತೊಳೀರಿ ಡಾಕ್ಟ್ರೆ.”

ಹಲಗೆಯ ಆಚೆಯಿಂದ ಬಂದ ಮಾತು. ತಂಗಿ ಎರಡೂ ಕೈಯಲ್ಲಿ ಹಲಗೆಯ ಅಂಚು ಹಿಡಿದು ನಿಂತಿದ್ದಳು. ಹದಿನಾಲ್ಕು ತಿಂಗಳಾದ ಮೇಲೆ ಅವಳ ಮುಖವನ್ನು ಸರಿಯಾಗಿ ನೋಡಿದ್ದು ಆಗಲೇ. ಕೆನ್ನೆ ಇಳಿದುಹೋಗಿತ್ತು.

“ನಾನೂ ಹಾಕಿದೀನಿ,” ಎಂದಳು. ಡಾಕ್ಟರಮ್ಮನನ್ನು ನೋಡಿಯೇ ಹೇಳಿದಳು, ನನ್ನ ಕಡೆ ತಿರುಗಲಿಲ್ಲ. “ಮಧ್ಯಾಹ್ನ ಅಕ್ಕ ಡೈರಿಗೆ ಹಾಲು ಹಾಕೋಕೆ ಹೋದಾಗ ಇದು ಹಲಗೆ ಮೇಲೆ ಕತ್ತು ಚಾಚಿ ಕೂಗುತ್ತೆ. ನುಚ್ಚಿನ ಮೂಟೆ ಈ ಹಲಗೆಗೇ ಒರಗಿಸಿಟ್ಟಿರೋದು, ಕೈಗೆ ಸಿಗುತ್ತೆ. ದಿನಾ ಒಂದು ಬೊಗಸೆ ಕೊಡ್ತಿದ್ದೆ. ಮೊನ್ನೆ ಮೊನ್ನೆಯಿಂದ ಎರಡು. ನಿನ್ನೆ ಅಕ್ಕ ಬರೋದು ತಡ ಆಯ್ತು, ಇದು ಕೂಗೋದು ನಿಲ್ಲಿಸ್ಲಿಲ್ಲ. ಒಂದು ಬಕೆಟ್ ತುಂಬಾ ಇಟ್ಟೆ. ಪೂರ್ತಿ ತಿಂತು.”

ಬಕೆಟ್ ತುಂಬಾ ಅಂದರೆ ನನ್ನ ಲೆಕ್ಕದಲ್ಲಿ ಎಂಟು ಬೋಗುಣಿ. ನನ್ನ ಬಾಯಿಂದ ಮಾತು ಕೆಟ್ಟದಾಗಿಯೇ ಹೊರಟಿತು. “ಚೀಟೀಲಿ ಸಿಗ್ಲಿಲ್ಲ ಅಂತ ಹೀಗೆ ಕೊಂದು ಹಗೆ ತೀರಿಸ್ಕೊಂಡ್ಯಾ?”

“ನೀನು ಅದಕ್ಕೆ ಹೊಟ್ಟೆಗೇ ಹಾಕ್ತಿಲ್ಲ ಅಂದ್ಕೊಂಡೆ. ಅಷ್ಟು ಕೂಗ್ತಿತ್ತು.”

“ಒಂದು ಮಾತು ಕೇಳೋಕೆ ನಿಂಗೇನಾಗಿತ್ತು?”

“ಯಾರನ್ನ ಕೇಳ್ಲಿ?” ಎಂದಳು.

ಡಾಕ್ಟರಮ್ಮ ಪೊಟ್ಟಣವನ್ನು ಮಡಚಿ ಪಕ್ಕಕ್ಕಿಟ್ಟು, “ಜಗಳ ಆಮೇಲೆ ಆಡಿ. ಬೆಚ್ಚಗಿನ ನೀರು, ಎಷ್ಟು ಹಂಡೆ ಇದ್ಯೋ ಅಷ್ಟೂ ತನ್ನಿ,” ಎಂದರು.

ತಂಗಿ ಹೊರಗಿನ ಬಾಗಿಲಿಂದ ಸುತ್ತಿ ಬಂದು ಮುಂಗೋಪಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ನಾನು ನೀರು ಹೊತ್ತೆ. ದಪ್ಪ ಕೊಳವೆಯಲ್ಲಿ ಎರಡು ಬಕೆಟ್ ನೀರು ಒಳಗೆ, ಆಮೇಲೆ ಕೊಳವೆಯ ತುದಿ ತಗ್ಗಿಸಿದರೆ ನುಚ್ಚು ಕಲಸಿದ ಹುಳಿ ಗಂಜಿ ಭುಳುಭುಳು ಎಂದು ಹೊರಗೆ. ಐದನೆಯ ಸಲ ಹಸು ಕಣ್ಣು ಮೇಲೆ ಮಾಡಿತು. ಡಾಕ್ಟರಮ್ಮ ಕೈ ನಿಲ್ಲಿಸಿ ಎದೆಗೆ ಕಿವಿಗೊಟ್ಟರು. ತಂಗಿ ಅದರ ಕಿವಿಯಲ್ಲಿ ಏನೋ ಗೊಣಗುತ್ತಿದ್ದಳು, ಕರುವಾಗಿದ್ದಾಗ ಹೇಳುತ್ತಿದ್ದ ಅದೇ ಬೈಗುಳ. ಮತ್ತೆ ಉಸಿರು ಹದಕ್ಕೆ ಬಂತು. ಎಂಟನೆಯ ಸಲಕ್ಕೆ ನೀರು ತಿಳಿಯಾಯಿತು.

“ಈಗ ಬರೀ ಹುಲ್ಲು ತಿನ್ನೋ ಹಸು ಬೇಕು,” ಎಂದರು ಡಾಕ್ಟರಮ್ಮ.

ನನ್ನವು ಐದೂ ನುಚ್ಚು ತಿಂದವು. ತನ್ನ ಹಸುಗಳಿಗೆ ಗಿರಣಿಯ ನುಚ್ಚು ಹಾಕದ ತಂಗಿಯನ್ನು ಹಾಲಿನ ಡೈರಿಯಲ್ಲಿ ನಾಲ್ಕು ಜನರ ಮುಂದೆ ಗೇಲಿ ಮಾಡಿದವಳು ನಾನೇ. ಅವಳಿಗೆ ಹೇಳಬೇಕಾಗಲಿಲ್ಲ. ತನ್ನ ಹಳೆಯ ಹಸುವನ್ನು ಹಿಡಿದು ತಂದು ನಿಲ್ಲಿಸಿದಳು. ಅದರ ಹೊಟ್ಟೆಯಿಂದ ಬಂದ ನೀರು ಹಸಿರುಗಂದು, ಒದ್ದೆ ಹುಲ್ಲಿನ ವಾಸನೆ. ಬಟ್ಟೆಯಲ್ಲಿ ಸೋಸಿ, ಬಿಸಿ ಆರುವ ಮೊದಲೇ ಐದು ಲೀಟರ್ ಮುಂಗೋಪಿಗೆ ಇಳಿಸಿದೆವು.

“ಒಂದು ಹನೀಲಿ ಕೋಟಿ ಕೋಟಿ ಇವೆ,” ಎಂದು ಡಾಕ್ಟರಮ್ಮ ಕೈ ತೊಳೆದುಕೊಂಡರು. “ಅವು ನೆಲೆ ನಿಂತ್ರೆ ನಾಳೆ ಮೆಲುಕು ಹಾಕುತ್ತೆ. ಹಾಕ್ಲಿಲ್ಲಾಂದ್ರೆ ನನ್ನ ಕೈಲೂ ಏನಿಲ್ಲ.”

ಇಡೀ ದಿನ ಹಸುವಿನ ಆ ಪಕ್ಕ ಅವಳು, ಈ ಪಕ್ಕ ನಾನು ಕೂತೆವು. ನನಗೆ ಕೋಪ ಇಳಿದಿರಲಿಲ್ಲ, ಭಯ ಅದಕ್ಕಿಂತ ಹೆಚ್ಚಿತ್ತು. “ಇದಕ್ಕೇನಾದ್ರೂ ಆದ್ರೆ ನಿನ್ನ ಮುಖ ನೋಡಲ್ಲ,” ಎಂದೆ.

“ಇಷ್ಟು ದಿನ ಭಾರೀ ನೋಡ್ತಿದ್ದೆ,” ಎಂದಳು.

ನಗು ಬಂತು. ತಡೆದುಕೊಂಡೆ. ಅವಳು ಅಳುತ್ತಿದ್ದಳು. ಸೆರಗಿನಿಂದ ಅವಳ ಮೂಗು ಒರೆಸಿದೆ, ಐದು ವರ್ಷದ ಮಗುವಿಗೆ ಒರೆಸಿದ ಹಾಗೆ. ಅವಳು ಬೇಡವೆನ್ನಲಿಲ್ಲ.

ಮರುದಿನ ಬೆಳಿಗ್ಗೆ ಮುಂಗೋಪಿ ಎದ್ದು ನಿಂತಿತ್ತು. ಒಂದು ಹಿಡಿ ಹುಲ್ಲು ಎಳೆದುಕೊಂಡಿತು, ಬಿಟ್ಟಿತು. ಒಂಬತ್ತು ಗಂಟೆಯ ಹೊತ್ತಿಗೆ ಕುತ್ತಿಗೆಯಲ್ಲಿ ಒಂದು ಉಂಡೆ ಮೇಲೇರಿದ್ದು ಕಾಣಿಸಿತು, ದವಡೆ ಆಡತೊಡಗಿತು. ತಂಗಿ ನನ್ನ ಮೊಣಕೈ ಹಿಡಿದುಕೊಂಡಳು. ಇಬ್ಬರೂ ನೋಡುತ್ತ ನಿಂತೆವು, ಅದು ಬಿಡದೆ ಮೆಲ್ಲುತ್ತಲೇ ಇತ್ತು.

ಡಾಕ್ಟರಮ್ಮ ಬಂದು ನೋಡಿ, “ಹತ್ತು ದಿನ ಹುಲ್ಲು ಬಿಟ್ರೆ ಬೇರೇನೂ ಇಲ್ಲ. ಆಮೇಲೆ ನುಚ್ಚು ಮೊದಲಿಂದ ಶುರು ಮಾಡಿ, ಅರ್ಧ ಬೋಗುಣಿಯಿಂದ,” ಎಂದರು. “ಆದ್ರೆ ಹಾಕೋ ಕೈ ಒಂದೇ ಇರ್ಲಿ. ಯಾರು ಹಾಕ್ತೀರಿ, ಈಗ್ಲೇ ಹೇಳ್ಬಿಡಿ.”

ತಂಗಿ ತಲೆ ತಗ್ಗಿಸಿ ಹಲಗೆಯ ಕಡೆಗೆ ಹೊರಟಳು. ಹಾಕುವವಳು ನಾನೇ ಎಂಬುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ನನಗೂ ಆ ಕ್ಷಣದವರೆಗೆ ಇರಲಿಲ್ಲ. ಮುಂಗೋಪಿ ಮೆಲುಕು ನಿಲ್ಲಿಸಿ ಅವಳು ಹೋದ ಕಡೆಗೆ ಕತ್ತು ತಿರುಗಿಸಿತು.

“ಅವಳೇ ಹಾಕ್ತಾಳೆ,” ಎಂದೆ.

ತಂಗಿ ನಿಂತಳು. “ಬೇಡಕ್ಕ. ಅಳತೆ ಇಲ್ದೆ ಹಾಕಿ ಸಾಯಿಸ್ತಿದ್ದ ಕೈ ಇದು.”

“ಎಷ್ಟು ಅಂತ ಗೊತ್ತಾಗ್ದಿದ್ರೆ ನನ್ನ ಕೇಳು.”

“ನೀನು ಈ ಕಡೆ ಕೆಲಸದಲ್ಲಿರ್ತೀಯ, ನಾನು ಹಲಗೆ ಆಚೆ. ಕೂಗಿದ್ರೆ ಕೇಳ್ಸುತ್ತಾ?”

“ಹದಿನಾಲ್ಕು ತಿಂಗಳಿಂದ ನೀನು ಆ ಕಡೆ ಕೆಮ್ಮಿದ್ರೂ ನಂಗೆ ಕೇಳಿಸ್ತಾ ಇದೆ,” ಎಂದೆ.