ಧೂಪದ ಮರದ ಬಾಣಂತಿ

ಆ ವರ್ಷ ಸುಗ್ಗಿ ತಿಂಗಳಿಗೆ ಊರಿನ ಮನೆಗಳೆಲ್ಲ ಹೊಸ ಮುಳಿಹುಲ್ಲು ಹೊದ್ದು ಕೂತಿದ್ದರೂ ಹುಕ್ರಪ್ಪನ ಮನೆಯ ಮಾಡು ಮಾತ್ರ ಹಳತಾಗಿಯೇ ಉಳಿದಿತ್ತು. ಹುಲ್ಲು ತಂದು ಅಂಗಳದ ಮೂಲೆಯಲ್ಲಿ ಒಟ್ಟಿಯಾಗಿತ್ತು, ಬಿದಿರು ಸೀಳಿಯಾಗಿತ್ತು. ಆದರೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳು ಪ್ರೇಮಾವತಿ ಕೂಸಿನ ಜೊತೆ ಒಳಕೋಣೆಯಲ್ಲಿ ಮಲಗಿದ್ದಳು. ಬಾಣಂತಿಯ ತಲೆಯ ಮೇಲಿನ ಮಾಡು ಬಿಚ್ಚುವ ಕ್ರಮ ಇಲ್ಲ, ನಲವತ್ತು ದಿನ ಕಳೆಯಲಿ ಎಂದು ಹೆಂಡತಿ ಸೇಸಮ್ಮ ಏಣಿಯನ್ನೇ ಹಟ್ಟಿಯ ಹಿಂದೆ ಅಡಗಿಸಿಟ್ಟಿದ್ದಳು.

ವೇಣೂರಿನಿಂದ ಮೂಡಕ್ಕೆ ಎರಡು ಗಂಟೆ ನಡೆದರೆ ಅವರ ಮನೆ. ಹಿತ್ತಿಲು ಮುಗಿದಲ್ಲಿಂದ ಸರಕಾರದ ಕಾಡು. ಫಾರೆಸ್ಟ್ ಗಾರ್ಡ್ ಜತ್ತಪ್ಪ ಗುಡ್ಡ ಹತ್ತುವಾಗಲೋ ಇಳಿಯುವಾಗಲೋ ಅಲ್ಲಿ ಒಂದು ಲೋಟ ಮಜ್ಜಿಗೆ ಕುಡಿಯದೆ ಹೋದವನಲ್ಲ. ಒಂದು ದಿನ ಅವನು ಮಜ್ಜಿಗೆ ಕುಡಿದೂ ಏಳದೆ ಕೂತ. ಸೊಂಟದಲ್ಲಿ ಮರಗಳಿಗೆ ನಂಬರು ಹೊಡೆಯುವ ಸುತ್ತಿಗೆ ಇತ್ತು. ಮೇಲಿನ ಗುಡ್ಡವನ್ನು ಈ ಸಲ ಕಡಿತಕ್ಕೆ ಕೊಟ್ಟಿದ್ದಾರೆ, ಬೆಂಕಿಪೆಟ್ಟಿಗೆಗೂ ಪ್ಲೈವುಡ್ಡಿಗೂ ಮರ ಹೋಗುತ್ತದೆ, ತೋಡಿನ ಮೇಲಿನ ದೊಡ್ಡ ಧೂಪದ ಮರಕ್ಕೂ ನಂಬರು ಬಿತ್ತು ಎಂದು ನೆಲ ನೋಡಿಕೊಂಡು ಹೇಳಿದ.

ಹುಕ್ರಪ್ಪ ಬಾಯಿಗೆ ಹಾಕಬೇಕೆಂದಿದ್ದ ವೀಳ್ಯವನ್ನು ಹಾಗೆಯೇ ಕೈಯಲ್ಲಿ ಹಿಡಿದುಕೊಂಡ. ಆ ಮರದ ಪೊಟರೆಯೊಳಗೆ ಮಂಗಟ್ಟೆ ಹಕ್ಕಿ ಕೂತು ಇಪ್ಪತ್ತು ದಿನವೂ ಆಗಿರಲಿಲ್ಲ. ಹೆಣ್ಣು ಮಂಗಟ್ಟೆ ಮೊಟ್ಟೆಯಿಡಲು ಪೊಟರೆಯೊಳಗೆ ಹೊಕ್ಕರೆ ಬಾಗಿಲನ್ನು ತಾನೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಡುತ್ತದೆ. ಒಳಗೆ ಅದರ ರೆಕ್ಕೆಯ ಗರಿ ಉದುರಿ ಹಾರುವ ತ್ರಾಣವೂ ಇರುವುದಿಲ್ಲ. ಮೂರು ತಿಂಗಳು ಗಂಡು ತಂದುಕೊಟ್ಟ ಗೋಳಿಹಣ್ಣೇ ಅದಕ್ಕೆ ಅನ್ನ. ದಿನಾ ಬೆಳಿಗ್ಗೆ ಗಂಡು ಅವರ ಅಂಗಳದ ಮೇಲಿನಿಂದಲೇ ಹಾರಿ ಹೋಗುವುದು. ಅದರ ರೆಕ್ಕೆಯ ಸದ್ದು ಕೇಳಿ ಸೇಸಮ್ಮ, "ಓ, ನಿಮ್ಮ ಅಳಿಯ ಹೊರಟ" ಎಂದು ಗಂಡನನ್ನು ಕೆಣಕುವಳು. ಊರಲ್ಲಿ ಅವನಿಗೆ ಮಂಗಟ್ಟೆ ಹುಕ್ರಪ್ಪ ಎಂಬ ಹೆಸರೇ ಬಿದ್ದಿತ್ತು.

ಆ ಮಮತೆಗೆ ಒಂದು ಹಳೆಯ ನೋವಿನ ಬೇರಿತ್ತು. ಅವನು ಹತ್ತು ವರ್ಷದವನಿದ್ದಾಗ ಅಪ್ಪ ಯಾರದೋ ಸೊಂಟನೋವಿಗೆ ಎಣ್ಣೆ ಬೇಕೆಂದು ಗಂಡು ಮಂಗಟ್ಟೆಯೊಂದನ್ನು ಹೊಡೆದಿದ್ದರು. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದಾಗ ಪೊಟರೆಯೊಳಗೆ ತಾಯಿಯದ್ದೂ ಮರಿಯದ್ದೂ ಎಲುಬು ಒಂದಕ್ಕೊಂದು ಒತ್ತಿಕೊಂಡು ಸಿಕ್ಕಿದವು. ಅಪ್ಪ ಆಮೇಲೆ ಕೋವಿ ಮುಟ್ಟಲಿಲ್ಲ.

ಜತ್ತಪ್ಪ ಒಂದು ಉಪಾಯ ಹೇಳಿದ. ಮರದ ಬುಡದಲ್ಲಿ ಒಂದು ಕಲ್ಲು ಹಾಕಿ ದೀಪ ಇಟ್ಟು, ಇದು ದೈವದ ಮರ ಎಂದರೆ ಸಾಕು, ಕಡಿಯುವವರು ಕೊಡಲಿ ಎತ್ತುವುದಿಲ್ಲ. ಹುಕ್ರಪ್ಪ ಅರ್ಧ ಒಪ್ಪಿದ್ದ. ಒಳಗಿನಿಂದ ಸೇಸಮ್ಮ ಬಂದಳು.

"ದೈವದ ಹೆಸರಲ್ಲಿ ಸುಳ್ಳು ಹೇಳಿದ ಮೇಲೆ ಕೋಲದ ದಿನ ಯಾವ ಮುಖ ಹೊತ್ತು ಎದುರು ನಿಲ್ತೀರಿ?" ಎಂದಳು. "ಮತ್ತೆ, ಮಂಗಟ್ಟೆ ಕೂತಲ್ಲೆಲ್ಲ ಕಲ್ಲು ಹಾಕ್ತಾ ಹೋಗ್ತೀರಾ?"

ಅದು ಅವನ ತಲೆಯಲ್ಲಿ ಕೂತಿತು. ಅಪ್ಪನ ಕಾಲದಲ್ಲಿ ಆ ಗುಡ್ಡದಲ್ಲಿ ಹನ್ನೊಂದು ಜೋಡಿ ಇದ್ದವು. ಈಗ ಎರಡು. ಒಂದು ಮರ ಉಳಿಸಿ ಏನಾಗಬೇಕು? ಸುತ್ತಿಗೆ ಸರಕಾರದ್ದು. ಅದನ್ನು ತಡೆಯಬೇಕಾದದ್ದೂ ಸರಕಾರವೇ.

ಮುಂದಿನ ವಾರ ಅರಣ್ಯದ ಮಂತ್ರಿಗಳು ಬೆಳ್ತಂಗಡಿಗೆ ಬರುವವರಿದ್ದರು. ಮಳೆಗಾಲದಲ್ಲಿ ತೋಡು ದಾಟಲು ಕಾಲುಸಂಕ ಬೇಕೆಂದು ಊರಿನವರು ಮನವಿ ಬರೆಸುತ್ತಿದ್ದರು. ಹುಕ್ರಪ್ಪ ಶಾಲೆಯ ಸುಧಾಕರ ಮಾಸ್ಟ್ರಲ್ಲಿ ಮಂಗಟ್ಟೆಯ ಮರಕ್ಕಾಗಿ ಇನ್ನೊಂದು ಬರೆದುಕೊಡಿ ಎಂದ. ಮಾಸ್ಟ್ರು ನಕ್ಕರು, ಆದರೆ ಬರೆದರು. ಪಾದಾರವಿಂದ ಎಂತಲೂ ಸೇರಿಸಿದರು. ಮನೆಯಲ್ಲೂ ಕಾಡಿನಲ್ಲೂ ತುಳುವಲ್ಲೇ ಬದುಕಿದ ಹುಕ್ರಪ್ಪ ಅದರ ಕನ್ನಡವನ್ನು ನಾಲ್ಕು ದಿನ ಬಾಯಿಪಾಠ ಮಾಡಿದ. ಕೂಸಿಗೆ ಬೆಚ್ಚನೆ ಬಟ್ಟೆ ಹಿಡಿದುಕೊಂಡು ಹೋಗುವಾಗಲೂ ಅವನ ತುಟಿ ಆಡುತ್ತಿತ್ತು. ಅಪ್ಪನಿಗೆ ಪರೀಕ್ಷೆ ಉಂಟು ಎಂದು ಮಗಳು ಮಲಗಿದಲ್ಲೇ ನಕ್ಕಳು.

ಮಂತ್ರಿಗಳು ಇಳಿದಿದ್ದ ಬೆಳ್ತಂಗಡಿಯ ಬಂಗಲೆಯ ಅಂಗಳದಲ್ಲಿ ಅಷ್ಟು ಜನ. ಬೆಳಗಿನ ಬಸ್ಸಿಗೆ ಬಂದವನ ಸರದಿ ಬಂದಾಗ ಮಧ್ಯಾಹ್ನ ದಾಟಿತ್ತು. ಮಂತ್ರಿಗಳು ಘಟ್ಟದ ಮೇಲಿನವರು, ದಣಿದಿದ್ದರು. ಕಾಗದ ಓದಿ ತಲೆ ಎತ್ತಿ, ಇದು ಹಕ್ಕಿಗಾಗಿಯೋ ಎಂದು ಕೇಳಿದರು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಹಕ್ಕಿಗೆ ಒಂದೇ ಮರವೇ, ಇನ್ನೊಂದಕ್ಕೆ ಹಾರಿಹೋಗುತ್ತದೆ ಎಂದರು ಮಂತ್ರಿಗಳು.

ಬಾಯಿಪಾಠ ಮಾಡಿದ್ದೆಲ್ಲ ಹುಕ್ರಪ್ಪನಿಗೆ ಮರೆತುಹೋಯಿತು.

"ಹಾರಲಿಕ್ಕೆ ಆಗುವುದಿಲ್ಲ ಸ್ವಾಮಿ. ಒಳಗೆ ಬಾಣಂತಿ ಇದ್ದಾಳೆ" ಎಂದ.

ನಗು ನಿಂತಿತು. ಅವನು ಮೆಲ್ಲ ಒಂದೊಂದೇ ಮಾತು ಹುಡುಕಿ ಹೇಳಿದ: ಪೊಟರೆಯ ಬಾಗಿಲು ಮುಚ್ಚಿಕೊಂಡದ್ದು, ರೆಕ್ಕೆಯ ಗರಿ ಉದುರಿದ್ದು, ಗಂಡು ಹಣ್ಣು ತರುವುದು. ತನ್ನ ಮನೆಯಲ್ಲೂ ಮಗಳು ಬಾಣಂತಿ, ಅದಕ್ಕೆ ಹುಲ್ಲು ಒಟ್ಟಿಟ್ಟರೂ ಮಾಡು ಬಿಚ್ಚಲಿಲ್ಲ ಎಂದ. "ನನ್ನ ಮನೆಗೆ ನಾನು ಯಜಮಾನ, ಆದರೂ ಬಿಚ್ಚಲಿಲ್ಲ. ಕಾಡಿಗೆ ನೀವು ಯಜಮಾನರು."

ಮಂತ್ರಿಗಳು ಕನ್ನಡಕ ತೆಗೆದು ಒರೆಸಿದರು. ಎಷ್ಟು ದಿನ ಎಂದು ಕೇಳಿದರು. ಪತ್ತನಾಜೆಗೆ ದೈವಗಳ ಕೋಲ ಮುಗಿಯುವ ಹೊತ್ತಿಗೆ, ಮೊದಲ ಮಳೆಗೆ ಹೊರಗೆ ಬರುತ್ತವೆ ಎಂದ ಹುಕ್ರಪ್ಪ. ಮಳೆಗಾಲ ಕಳೆಯುವವರೆಗೆ ಆ ಮರ ಕಡಿಯಬಾರದು ಎಂದು ಅವರು ಕಾಗದದ ಅಂಚಿನಲ್ಲಿ ಬರೆದು ರುಜು ಹಾಕಿದರು.

ಹುಕ್ರಪ್ಪ ಕದಲಲಿಲ್ಲ.

"ಅದು ಈ ವರ್ಷದ್ದಾಯಿತು. ಪೊಟರೆಯ ಮರಕ್ಕೆ ಎಲ್ಲಿಯೂ ಸುತ್ತಿಗೆ ಬೀಳಬಾರದು ಅಂತ ನೀವು ಆರ್ಡರ್ ಮಾಡಬೇಕು. ಇರುವುದು ಎರಡು ಜೋಡಿ. ಮುಗಿದ ಮೇಲೆ ಯಾವ ಸರಕಾರ ಬಂದರೂ ಹುಟ್ಟಿಸಲಿಕ್ಕೆ ಆಗುವುದಿಲ್ಲ."

ಎಲ್ಲಿ ಯಾವ ಮರದಲ್ಲಿ ಪೊಟರೆ ಉಂಟೆಂದು ಬೆಂಗಳೂರಿನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು, ಪಟ್ಟಿ ಮಾಡಿ ಕಳುಹಿಸಿ ನೋಡುವ ಎಂದು ಹೇಳಿ ಮಂತ್ರಿಗಳು ಮುಂದಿನವನ ಕಾಗದಕ್ಕೆ ಕೈ ಚಾಚಿದರು. ಸಾಗಹಾಕುವ ಮಾತೇ ಇರಬಹುದು. ಹುಕ್ರಪ್ಪ ಅದನ್ನು ಅಪ್ಪಣೆ ಎಂದೇ ತೆಗೆದುಕೊಂಡ.

ನಲವತ್ತು ಕಳೆದ ಮೇಲೆ ಊರಿಗೆಲ್ಲ ಕಡೆಯದಾಗಿ ಅವನ ಮನೆಯ ಮಾಡು ಹೊದೆಸಿಯಾಯಿತು. ಪತ್ತನಾಜೆ ಕಳೆದು ವಾರದೊಳಗೆ ಮಂಗಟ್ಟೆ ಪೊಟರೆಯ ಬಾಗಿಲು ಒಡೆದು ಮರಿಯೊಂದಿಗೆ ಹೊರಗೆ ಬಂತು. ಸುತ್ತಲಿನ ಮರಗಳು ಆಗಲೇ ಹೋಗಿದ್ದವು. ಬೋಳು ಗುಡ್ಡದಲ್ಲಿ ಧೂಪ ಒಂದೇ ನಿಂತಿತ್ತು.

ಆ ಮಳೆಗಾಲವಿಡೀ ಅವನೂ ಜತ್ತಪ್ಪನೂ ತೆಂಗಿನ ಗೆರಟೆಯಲ್ಲಿ ಸುಣ್ಣ ಹಿಡಿದು ಉಳಿದ ಗುಡ್ಡಗಳನ್ನು ಸುತ್ತಿದರು. ಪೊಟರೆ ಕಂಡ ಮರಕ್ಕೆ ಒಂದು ಗೀಟು. ಮಳೆಗೆ ಗೀಟು ತೊಳೆದು ಹೋದರೆ ಮತ್ತೊಮ್ಮೆ. ಧೂಪವೂ ಸೇರಿ ಹದಿನೆಂಟು ಮರಗಳ ಪಟ್ಟಿಯನ್ನು ಮಾಸ್ಟ್ರು ಬರೆದುಕೊಟ್ಟರು. ಈ ಸಲ ಪಾದಾರವಿಂದ ಬೇಡ, ಮರವೇ ಸಾಕು ಎಂದಿದ್ದ ಹುಕ್ರಪ್ಪ.

ಪುಷ್ಯ ತಿಂಗಳಲ್ಲಿ ಜತ್ತಪ್ಪ ಒಂದು ಕಾಗದ ಹಿಡಿದು ಬಂದ. ಪಟ್ಟಿಯಲ್ಲಿ ಮೂರು ಮರಗಳನ್ನು ಕಡಿತದಿಂದ ಬಿಟ್ಟಿದ್ದರು, ಮೊದಲನೆಯದು ಧೂಪ. ಇಬ್ಬರೂ ಮೇಲೆ ಹೋದರು. ಜತ್ತಪ್ಪ ಕತ್ತಿಯಿಂದ ಮರದ ನಂಬರನ್ನು ತಾನೇ ಕೆರೆದ. ಹುಕ್ರಪ್ಪ ಆ ಗಾಯಕ್ಕೆ ಅಂಗೈ ಇಟ್ಟ.

ಮನೆಗೆ ಬಂದು ಸೇಸಮ್ಮನಿಗೆ ಹೇಳಿದಾಗ ಅವಳು, "ಮೂರೇ?" ಎಂದಳು.

"ಹದಿನೈದು ಬಾಕಿ ಉಂಟು" ಎಂದು ಅವನು ಅಂಗಿ ಹಾಕಿಕೊಂಡ. "ಶಾಲೆ ಬಿಡುವ ಮೊದಲು ಮಾಸ್ಟ್ರನ್ನು ಕಾಣಬೇಕು."