ನಾಕನೇ ಜ್ವರ

ಹೆಣದ ತಲೆದೆಸೆಯಲ್ಲಿ ಹಚ್ಚಿಟ್ಟಿದ್ದ ಊದುಬತ್ತಿಯ ಕಟ್ಟನ್ನು ರಾಧಾಮಣಿ ಕಿತ್ತು, ನೆಲಕ್ಕೆ ಉಜ್ಜಿ ಆರಿಸಿದಳು. ಅಂಗಳದಲ್ಲಿ ಕೂತಿದ್ದ ಹೆಂಗಸರ ಅಳು ಗಕ್ಕನೆ ನಿಂತಿತು.

“ನಮ್ಮವ್ವಂಗೆ ಒಂದು ಊದುಬತ್ತಿಗೂ ಗತಿ ಇಲ್ವೇನೇ?” ಎಂದು ಚಿಕ್ಕತಾಯಮ್ಮ ಎದ್ದು ನಿಂತಳು. ಸತ್ತ ಶಿವಲಿಂಗಮ್ಮನ ಹಿರೀ ಮಗಳು. ಬೆಳಗಿನ ಬಸ್ಸಿಗೇ ಸೋಲೂರಿನಿಂದ ಬಂದಿದ್ದಳು. ಬಂದಾಗಿನಿಂದ ತಮ್ಮನ ಹೆಂಡತಿಯ ಮುಖ ನೋಡಿರಲಿಲ್ಲ.

“ಹುಳದ ಮನೆಗೆ ಹೊಗೆ ಹೋಯ್ತದೆ ಅತ್ಗೆ. ದೀಪ ಐತಲ್ಲ, ಸಾಕು.”

“ಹುಳ! ಹೆಣ ಅಂಗಳದಲ್ಲಿದ್ರೂ ಇವಳಿಗೆ ಹುಳದ್ದೇ ಯೋಚ್ನೆ. ನೋಡ್ರಪ್ಪ, ಹೊಂಗನೂರ್ನೋರು!”

ಹೊಂಗನೂರಿನಲ್ಲಿ ರೇಷ್ಮೆಹುಳದ ಯೋಚನೆ ಇಲ್ಲದ ಮನೆ ಎಷ್ಟಿದ್ದಾವು? ಆದರೆ ಸಾವಿನ ಮನೆಯಲ್ಲಿ ಮಗಳ ಬಾಯಿಗೆ ಅಡ್ಡ ಹೋಗುವ ಧೈರ್ಯ ಯಾರಿಗೂ ಇರುವುದಿಲ್ಲ. ರಾಧಾಮಣಿಯ ಗಂಡ ಸ್ವಾಮಿಯಂತೂ ಅಕ್ಕನ ಮುಂದೆ ಬಾಯಿ ಸತ್ತವನು. ಚಟ್ಟಕ್ಕೆ ಬಿದಿರು ಸೀಳುತ್ತಿದ್ದವರ ಪಕ್ಕ ಹೋಗಿ ನಿಂತ.

ರಾಧಾಮಣಿಗೆ ಅಳು ಬರಲಿಲ್ಲ. ಇಪ್ಪತ್ತೇಳು ವರ್ಷ ಆ ಅತ್ತೆಯ ಕೈಕೆಳಗೆ ಬಾಳಿದವಳ ಒಳಗೆ ಇದ್ದದ್ದು ಬರೀ ಕೋಪ.

*

ಮದುವೆಯಾಗಿ ಬಂದ ಮಾರನೆಯ ದಿನ ಶಿವಲಿಂಗಮ್ಮ ಅವಳನ್ನು ಹುಳದ ಮನೆಯ ಬಾಗಿಲಲ್ಲಿ ನಿಲ್ಲಿಸಿ ಕತ್ತು, ಕೈಯೆಲ್ಲ ಮೂಸಿದ್ದಳು. “ಪೌಡ್ರು ಹಾಕಿದ್ದೀಯ, ಹುಳಕ್ಕೆ ವಾಸ್ನೆ ಆಗಲ್ಲ. ತೊಳ್ಕಂಡು ಬಾ.” ತೊಳೆದು ಬಂದಳು. “ತಲೇಲಿ ಮಲ್ಲಿಗೆ.” ತೆಗೆದು ಬಂದಳು. ಮೂರನೇ ಸಲ ಒಳಗೆ ಬಿಟ್ಟು, ಹಿಪ್ಪುನೇರಳೆ ಸೊಪ್ಪು ಹೆಚ್ಚಲು ಕೂರಿಸಿದಳು. ಚೆನ್ನಾಗಿ ಮಾಡಿದೆ ಎಂಬ ಮಾತು ಆ ಬಾಯಲ್ಲಿ ಕೊನೆಗೂ ಹುಟ್ಟಲಿಲ್ಲ.

ಹಾಗೆಂದು ತಾನು ಕಾಲು ಚಾಚಿ ಕೂತವಳಲ್ಲ. ಕೋಳಿ ಕೂಗುವ ಮುಂಚೆ ಸೊಪ್ಪಿನ ತೋಟದಲ್ಲಿರುತ್ತಿದ್ದಳು. ಗಂಡ ದಾಸಪ್ಪನನ್ನು ಮಣ್ಣು ಮಾಡಿ ಬಂದ ದಿನವೂ, ಮಿಂದು, ಒದ್ದೆ ತಲೆಯಲ್ಲೇ ಹುಳಕ್ಕೆ ಸೊಪ್ಪು ಹಾಕಿದವಳು. ಹೊರಗಿನವರ ನೆರಳೂ ಒಳಗೆ ಬೀಳಬಾರದು. ಹೆತ್ತ ಮಗಳನ್ನೂ ಬಿಡಲಿಲ್ಲ. ಚಿಕ್ಕತಾಯಮ್ಮ ಗಂಡನ ಮನೆಗೆ ಹೋದ ಮೇಲೆ ಈ ಮನೆಗೆ ಹುಳ ಬಂದದ್ದು. ತೌರಿಗೆ ಬಂದಾಗಲೆಲ್ಲ ಅವಳು ಜಗಲಿಯ ಮೇಲೆ ಕೂತು, ಅವ್ವ ಈಗ ಬಂದಾಳು ಆಗ ಬಂದಾಳು ಎಂದು ಕಾದು, ಕಾಫಿ ಕುಡಿದು ಬಸ್ಸು ಹತ್ತಿದ್ದೇ ಹೆಚ್ಚು. ಹುಳವೆಂದರೆ ಅವಳಿಗೆ ಮೈಯೆಲ್ಲ ಉರಿ.

*

“ನಮ್ಮವ್ವನ್ನ ಸಾಯ್ಸಿದ್ದೇ ಇವಳು!” ಚಿಕ್ಕತಾಯಮ್ಮ ಸೊಂಟದಿಂದ ಫೋನು ತೆಗೆದಳು. ಅದರಲ್ಲಿ ಬಂದ ಮಾತೆಲ್ಲ ತಾನಾಗಿ ರೆಕಾರ್ಡ್ ಆಗುತ್ತಿತ್ತು. “ನೆನ್ನೆ ಮಧ್ಯಾಹ್ನ ಅವ್ವ ಫೋನ್ ಮಾಡುದ್ಳು. ಸಾಯಂಕಾಲಕ್ಕೆ ಹೋಗ್ಬುಟ್ಳು. ಕಿವಿ ಇದ್ದೋರು ಕೇಳಿ.”

ಸತ್ತವಳ ದನಿ ಅಂಗಳದಲ್ಲಿ ಎದ್ದಿತು. ಕಿವಿ ಮಂದವಾಗಿದ್ದ ಶಿವಲಿಂಗಮ್ಮ ಫೋನಿನಲ್ಲಿ ತನ್ನ ಮಾತಷ್ಟು ಆಡಿ ಇಟ್ಟುಬಿಡುವವಳು.

“ನಾಕನೇ ಜ್ವರ ಕಣವ್ವ. ಬೆಳಗಿಂದ ಏನೂ ಹಾಕಿಲ್ಲ ಇವಳು. ಮೈಮೇಲೆಲ್ಲ ಸುಣ್ಣ ಎರಚವ್ಳೆ. ಬಾಗ್ಲು ಹಾಕ್ಬುಟ್ಟವ್ಳೆ. ನನ್ನ ಒಳಕ್ಕೂ ಬಿಡ್ತಿಲ್ಲ. ಕರುದ್ರೆ ಓ ಅನ್ನಲ್ಲ. ಇಡ್ತೀನಿ.”

“ಕೇಳುದ್ರಾ? ನಾಕು ಸಲ ಜ್ವರ ಬಂದೈತೆ, ಒಂದು ತುತ್ತು ಹಾಕಿಲ್ಲ. ಮೈಗೆ ಸುಣ್ಣ ಎರಚೋಕೆ ನಮ್ಮವ್ವ ಏನು ಗೋಡೆನಾ?”

ಅತ್ತೆಗೆ ಅನ್ನ ಹಾಕದವಳು ಎಂಬ ಹೆಸರು ಒಮ್ಮೆ ಅಂಟಿದರೆ ಈ ಊರಲ್ಲಿ ರಾಧಾಮಣಿ ಮತ್ತೆ ತಲೆ ಎತ್ತುವಂತಿರಲಿಲ್ಲ.

ಮೊದಲು ನಕ್ಕವಳು ಪಕ್ಕದ ಮನೆಯ ಅಂಕಮ್ಮ. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗಲಿಲ್ಲ. ಊರ ಹಿರಿಯ ಕೆಂಪಯ್ಯ ಕೆಮ್ಮಿ ಗಂಟಲು ಸರಿ ಮಾಡಿಕೊಂಡ.

“ಅದು ಹುಳದ ಜ್ವರ ಕಣವ್ವ ಚಿಕ್ಕತಾಯಿ. ಹುಳ ಪೊರೆ ಬುಡೋಕೆ ಕೂತ್ರೆ ಅದ್ಕೆ ಜ್ವರ ಅಂತೀವಿ. ಆಗ ಸೊಪ್ಪು ಹಾಕಂಗಿಲ್ಲ, ಸುಣ್ಣ ಎರಚ್ಬೇಕು. ನಿಮ್ಮವ್ವ ಗಟ್ಟಿಯಾಗೇ ಇದ್ಳು. ನೆನ್ನೆ ನಮ್ಮನೇಲಿ ಕಾಫಿ ಕುಡುದ್ಳು. ಕೂತಂಗೇ ಹೋದ್ಳು, ಪುಣ್ಯಾತ್ಗಿತ್ತಿ.”

ಹೆಣದ ಮುಂದೆಯೇ ಅಂಗಳವೆಲ್ಲ ನಕ್ಕಿತು. ಚಿಕ್ಕತಾಯಮ್ಮನ ಮುಖ ಬಿಳಿಚಿಕೊಂಡಿತು. ಕೊನೆಯ ಫೋನಿನಲ್ಲೂ ಅವ್ವ ಆಡಿದ್ದು ಹುಳದ ಮಾತು. ನೀನು ಹೇಗಿದ್ದೀ ಎಂದು ಒಂದು ಮಾತು ಕೇಳಿರಲಿಲ್ಲ. ರಾಧಾಮಣಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಗುವವರ ಜೊತೆ ತಾನೂ ನಕ್ಕಳು.

ಚಿಕ್ಕತಾಯಮ್ಮ ಫೋನನ್ನು ಕಿವಿಗಿಟ್ಟು ಇನ್ನೊಮ್ಮೆ ಕೇಳಿದಳು. ಕೇಳಿ, ನೇರ ನಾದಿನಿಯ ಮುಖ ನೋಡಿದಳು.

“‘ನನ್ನ ಒಳಕ್ಕೂ ಬಿಡ್ತಿಲ್ಲ’ ಅಂದ್ಳಲ್ಲ, ಅದೂ ಹುಳಾನಾ?”

ಈ ಸಲ ಯಾರೂ ನಗಲಿಲ್ಲ.

*

ಹೋದ ದೀಪಾವಳಿಯ ಬೆಳೆಯಲ್ಲಿ, ಮರೆವು ಹಿಡಿದಿದ್ದ ಮುದುಕಿ ಜ್ವರಕ್ಕೆ ಕೂತ ಹುಳದ ಮೇಲೆ ನೀರು ಸೋರುವ ಸೊಪ್ಪು ಹರಡಿಬಿಟ್ಟಿದ್ದಳು. ಅರ್ಧಕ್ಕರ್ಧ ಹುಳ ಕೊಳೆತವು. ಅಂದೇ ರಾಧಾಮಣಿ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಲ್ಲಿಯವರೆಗೆ ತಪ್ಪಿಲ್ಲ.

ಆದರೆ ಅಲ್ಲಿಗೇ ಬಿಡಲಿಲ್ಲ. “ಒಸಿ ನೋಡ್ಕಂಡು ಬತ್ತೀನಿ ಕಣಮ್ಮಿ, ಮುಟ್ಟಲ್ಲ” ಎಂದು ಅತ್ತೆ ಬಾಗಿಲಲ್ಲಿ ನಿಂತರೆ, ಅವಳ ಕೈ ಹಿಡಿದು ಮೂಸಿ, “ತಂಬಾಕಿನ ವಾಸ್ನೆ ಬತ್ತದೆ, ಹೋಗಿ ಅತ್ತೆ” ಎನ್ನುವಳು. ಶಿವಲಿಂಗಮ್ಮ ಹುಟ್ಟಿದಾಗಿನಿಂದ ತಂಬಾಕು ಮುಟ್ಟಿದವಳಲ್ಲ. ಮುದುಕಿ ತನ್ನ ಕೈಯನ್ನು ತಾನೇ ಮೂಸಿಕೊಂಡು ನಿಲ್ಲುತ್ತಿದ್ದಳು. ನೆನ್ನೆ ಮಧ್ಯಾಹ್ನ ಒಳಗಿನಿಂದ ಅಗಳಿ ಹಾಕಿಕೊಂಡಿದ್ದ ರಾಧಾಮಣಿಗೆ, ಹೊರಗಿನಿಂದ ಮೂರು ಸಲ ಕರೆದದ್ದು ಚೆನ್ನಾಗಿಯೇ ಕೇಳಿಸಿತ್ತು.

*

ಚಟ್ಟ ಹೆಗಲೇರಿತು. ತಮಟೆ ಶುರುವಾಯಿತು. ಅಂಗಳ ದಾಟುವಷ್ಟರಲ್ಲಿ ರಾಧಾಮಣಿ ಅಡ್ಡ ಬಂದು ನಿಂತಳು.

“ಒಸಿ ತಡೀರಿ.” ಸೊಂಟದ ಕೀಲಿ ತೆಗೆದು ಹುಳದ ಮನೆಯ ಬಾಗಿಲನ್ನು ಪೂರಾ ತೆರೆದಳು. “ಒಳಕ್ಕೆ ತನ್ನಿ.”

“ತಲೆ ಕೆಟ್ಟೈತಾ ನಿಂಗೆ?” ಸ್ವಾಮಿಗೆ ಅಂದು ಮೊದಲ ಸಲ ಬಾಯಿ ಬಂತು. “ಹೆಣಾನ ಹುಳದ ಮನೆಗಾ? ಬೆಳೆ ಹೋಗ್ಬುಡ್ತದೆ!”

“ಹೋದ್ರೆ ಹೋಗ್ಲಿ. ತನ್ನಿ ಅಂದೆ.”

“ಸತ್ತ ಮೇಲೆ ಬಾಗ್ಲು ತೆಗುದ್ಳು, ಮಹಾತಾಯಿ” ಎಂದಳು ಚಿಕ್ಕತಾಯಮ್ಮ.

ರಾಧಾಮಣಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಬಾಗಿಲು ಕಿರಿದು. ಹೊತ್ತವರು ಹೆಗಲು ಇಳಿಸಿ, ಒಬ್ಬ ಮುಂದೆ ಒಬ್ಬ ಹಿಂದೆ ಚಟ್ಟವನ್ನು ಕೈಯಲ್ಲಿ ಹಿಡಿದು, ಹುಳದ ತಟ್ಟೆಗಳ ಸಾಲಿನ ನಡುವೆ ಮೆಲ್ಲಗೆ ನಡೆದರು. ತಿರುಗಲು ಜಾಗವಿಲ್ಲದೆ ಕೊನೆಯ ಗೋಡೆಯವರೆಗೂ ಹೋಗಬೇಕಾಯಿತು. ಎರಡೂ ಕಡೆ, ತಟ್ಟೆ ತಟ್ಟೆಯಲ್ಲೂ, ಜ್ವರದ ಹುಳಗಳು ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿದ್ದವು.